ಮೇಷ್ಟ್ರ ವಿಲ್, ಬ್ಯಾಂಕಿನ ನಾಮಿನಿ, ತೋಟದ ಪಹಣಿ: ಒಂದು ಕುಟುಂಬದ ಆಸ್ತಿ ಇತ್ಯರ್ಥವಾದ ಬಗೆ

ತೀರಿಕೊಂಡವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತಿಪಟೂರು ಕಡೆಯವರು. 2023ರ ಮಳೆಗಾಲದಲ್ಲಿ ಹೋದರು, ಆಗ 82 ವರ್ಷ. ಉಳಿದವರು ನಾಲ್ಕು ಜನ: ಹೆಂಡತಿ, ಊರಲ್ಲೇ ಇದ್ದು ತೋಟ ನೋಡಿಕೊಳ್ಳುವ ದೊಡ್ಡ ಮಗ, ಹಾಸನಕ್ಕೆ ಮದುವೆಯಾಗಿ ಹೋದ ಮಗಳು, ಅಮೆರಿಕದಲ್ಲಿರುವ ಚಿಕ್ಕ ಮಗ. ಇವರ ಹೆಸರು, ಸರ್ವೆ ನಂಬರ್ ಇಲ್ಲಿ ಬಿಟ್ಟಿದ್ದೇನೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಕಾನೂನಿನ ಭಾಗ ಮಾತ್ರ ಇದ್ದ ಹಾಗೇ ಇದೆ.

ಮಗಳು ನನ್ನ ಆಫೀಸಿಗೆ ಬಂದದ್ದು ತಿಥಿ ಮುಗಿದ ವಾರದಲ್ಲಿ. ಕೈಯಲ್ಲಿ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿದ ಒಂದು ಹಕ್ಕು ಬಿಡುಗಡೆ ಪತ್ರ. "ಬ್ಯಾಂಕಿಗೆ ಬೇಕಂತೆ, ಒಂದು ಸಹಿ ಹಾಕು ಅಂದ ಅಣ್ಣ. ಓದಿ ನೋಡಿದ್ರೆ ತೋಟದ ಸರ್ವೆ ನಂಬರ್ ಇದೆ ಸರ್" ಅಂದರು. ಸಹಿ ಹಾಕಿರಲಿಲ್ಲ. ಅದೊಂದು ಒಳ್ಳೆಯದಾಯಿತು.

ತಿಥಿಗೆ ಎಲ್ಲರೂ ಬಂದಿರುತ್ತಾರೆ, ಒಂದೇ ಸಲ ಮುಗಿದುಹೋಗಲಿ ಅನ್ನುವ ಮಾತು ನಮ್ಮ ಕಡೆ ಮಾಮೂಲು. ಅತ್ತೂ ಅತ್ತೂ ಸುಸ್ತಾದ ಹೆಣ್ಣುಮಕ್ಕಳಿಂದ ಸಹಿ ಮಾಡಿಸಿಕೊಳ್ಳೋದಕ್ಕೆ ಅದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ಮೊದಲ ಒಂದೆರಡು ತಿಂಗಳಲ್ಲಿ ಹಕ್ಕು ಬಿಟ್ಟುಕೊಡುವ ಯಾವ ಕಾಗದಕ್ಕೂ ಅವಸರ ಇರೋದಿಲ್ಲ. ಆಗ ಬೇಕಾಗಿರೋದು ಎರಡೇ: ಮರಣ ಪ್ರಮಾಣ ಪತ್ರದ ಹತ್ತು ಪ್ರತಿ, ನಾಡಕಚೇರಿಯಿಂದ ವಂಶವೃಕ್ಷ. ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಿದರೆ ಕೆಲಸ ಸಲೀಸು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕು.

ಈ ಮನೆಯಲ್ಲಿ ಒಂದೊಂದು ಕಾಗದದಲ್ಲಿ ಒಬ್ಬೊಬ್ಬರ ಹೆಸರಿತ್ತು. ಎಲ್ಲಿ ತಮ್ಮ ಹೆಸರಿದೆಯೋ ಅದೆಲ್ಲ ತಮ್ಮದೇ ಅಂತ ಎಲ್ಲರೂ ನಂಬಿದ್ದರು. ಜಗಳ ಹುಟ್ಟಿದ್ದೇ ಅಲ್ಲಿಂದ. ಕಾಗದದಲ್ಲಿ ಹೆಸರು ಇರೋದು ಬೇರೆ, ಹಕ್ಕು ಇರೋದು ಬೇರೆ. ಮುಂದಿನ ಹದಿನೈದು ತಿಂಗಳು ನಾನು ಮಾಡಿದ ಕೆಲಸ ಅಂದರೆ ಇದನ್ನು ಒಂದೊಂದು ಕಾಗದ ಇಟ್ಟುಕೊಂಡು ನಾಲ್ವರಿಗೂ ಬಿಡಿಸಿ ಹೇಳಿದ್ದು.

ಮೊದಲು ಪಟ್ಟಿ

ಯಾರಿಗೆ ಎಷ್ಟು ಅನ್ನೋದು ಆಮೇಲೆ. ಏನೇನಿದೆ, ಏನೇನು ಸಾಲ ಇದೆ, ಅದು ಮೊದಲು. ದೊಡ್ಡ ಮಗನನ್ನೂ ಕರೆಸಿ ಕೂರಿಸಿದೆ. ಬೀರುವಿನ ಫೈಲುಗಳನ್ನೆಲ್ಲ ಬಿಡಿಸಿದಾಗ ಸಿಕ್ಕಿದ್ದು ಇಷ್ಟು: ನಾಲ್ಕು ಎಕರೆ ತೆಂಗಿನ ತೋಟ. 1988ರಲ್ಲಿ ಸೈಟು ತೆಗೆದು, ಸಂಬಳದಲ್ಲಿ ಕಟ್ಟಿಸಿದ ಪಟ್ಟಣದ ಮನೆ. ಬ್ಯಾಂಕಿನಲ್ಲಿ 12 ಲಕ್ಷದ ಠೇವಣಿ, ನಾಮಿನಿ ದೊಡ್ಡ ಮಗ. ಸಹಕಾರ ಸಂಘದಲ್ಲಿ 3 ಲಕ್ಷ, ನಾಮಿನಿಯೇ ಇಲ್ಲ. ಚಿಕ್ಕದೊಂದು ಎಲ್‌ಐಸಿ ಪಾಲಿಸಿ, ನಾಮಿನಿ ಹೆಂಡತಿ. ಪಹಣಿಯ 11ನೇ ಕಾಲಂನಲ್ಲಿ ಒಂದೂವರೆ ಲಕ್ಷದ ಬೆಳೆ ಸಾಲ. ಜೊತೆಗೆ 2018ರಲ್ಲಿ ಬರೆದ, ನೋಂದಣಿಯಾಗದ ಎರಡು ಪುಟದ ವಿಲ್.

ಪಟ್ಟಿಯಿಂದ ಎರಡನ್ನು ಆಗಲೇ ಹೊರಗಿಟ್ಟೆವು. ಒಂದು, ಕುಟುಂಬ ಪಿಂಚಣಿ. ಅದು ಮೇಷ್ಟ್ರು ಬಿಟ್ಟುಹೋದ ಆಸ್ತಿಯಲ್ಲ. ಸೇವಾ ನಿಯಮದ ಪ್ರಕಾರ ನೇರವಾಗಿ ಹೆಂಡತಿಗೆ ಬರುವಂಥದ್ದು. ವಿಲ್ ಬರೆದು ಅದನ್ನು ಬೇರೆಯವರಿಗೆ ಕೊಡೋಕೆ ಆಗೋದಿಲ್ಲ. ಎರಡನೆಯದು ಲಾಕರಿನ ಒಡವೆ. "ಅಪ್ಪನ ಲಾಕರ್" ಅಂತ ಮಕ್ಕಳೆಲ್ಲ ಹೇಳುತ್ತಿದ್ದರು. ಒಳಗಿದ್ದದ್ದು ಅಮ್ಮನ ತವರಿನ ಸರ, ಬಳೆ, ಡಾಬು. ಅದು ಆಯಮ್ಮನ ಸ್ತ್ರೀಧನ. ಗಂಡನ ಹೆಸರಿನ ಲಾಕರಿನಲ್ಲಿ ಇಟ್ಟ ಮಾತ್ರಕ್ಕೆ ಗಂಡನದಾಗೋದಿಲ್ಲ.

ಸಾಲದ ವಿಷಯ ಜಾಸ್ತಿ ಎಳೆಯಲಿಲ್ಲ. ತೀರಿಕೊಂಡವರ ಸಾಲ ಅವರು ಬಿಟ್ಟುಹೋದ ಆಸ್ತಿಯಿಂದ ತೀರಬೇಕು. ಮಕ್ಕಳು ಸ್ವಂತ ಜೇಬಿನಿಂದ ಕೊಡಬೇಕು ಅಂತೇನಿಲ್ಲ. ಸಂಘದ ಠೇವಣಿ ಬಂದ ಮೇಲೆ ಅದರಿಂದಲೇ ಕಟ್ಟಿ, 11ನೇ ಕಾಲಂ ಖಾಲಿ ಮಾಡಿಸಿದೆವು.

ನಾಮಿನಿ ಅಂದರೆ ಯಾರು?

12 ಲಕ್ಷದ ಠೇವಣಿ ದೊಡ್ಡ ಮಗನ ಖಾತೆಗೆ ಬೇಗ ಬಂತು. ಕ್ಲೇಮ್ ಅರ್ಜಿ, ಮರಣ ಪ್ರಮಾಣ ಪತ್ರ, ಗುರುತಿನ ಚೀಟಿ, ಇಷ್ಟೇ ಸಾಕಾಯಿತು. "ಅಪ್ಪ ನನ್ನ ಹೆಸರು ಹಾಕಿಸಿದ್ರು, ಅಂದ್ರೆ ನಂಗೇ ಕೊಟ್ಟಿದ್ದು ಅಲ್ವಾ ಸರ್?" ಅಂತ ಕೇಳಿದರು. ಮೋಸ ಮಾಡುವ ಮನುಷ್ಯ ಅಲ್ಲ. ನಿಜವಾಗಿಯೂ ಹಾಗೇ ತಿಳಿದಿದ್ದರು. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಹಾಗೇ ತಿಳಿದಿರುತ್ತಾರೆ.

ನಾಮಿನಿ ಅಂದರೆ ಹಣವನ್ನು ಬ್ಯಾಂಕಿನಿಂದ ಪಡೆಯುವವನು. ಅವನ ಕೈಗೆ ಕೊಟ್ಟರೆ ಬ್ಯಾಂಕಿನ ಜವಾಬ್ದಾರಿ ಮುಗಿಯಿತು. ಆಮೇಲೆ ಅವನು ಅದನ್ನು ವಿಲ್ ಇದ್ದರೆ ವಿಲ್ ಪ್ರಕಾರ, ಇಲ್ಲದಿದ್ದರೆ ಕಾನೂನು ಹೇಳಿದ ವಾರಸುದಾರರಿಗೆ ಹಂಚಬೇಕು. ಸುಪ್ರೀಂ ಕೋರ್ಟ್ ಸರ್ಬತಿ ದೇವಿ ಪ್ರಕರಣದಲ್ಲಿ ವಿಮೆ ಹಣದ ಬಗ್ಗೆ 1983ರಲ್ಲೇ ಇದನ್ನು ಹೇಳಿತು. 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಬ್ಯಾಂಕ್ ಠೇವಣಿಗೂ, 2023ರ ಡಿಸೆಂಬರ್‌ನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಷೇರುಗಳಿಗೂ ಅದನ್ನೇ ಹೇಳಿತು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು. ನಾಲ್ಕು ಜನ ಇದ್ದರೂ ಅವರು ಹಣ ಪಡೆಯುವವರೇ.

ವಿಮೆಯಲ್ಲಿ ಸ್ವಲ್ಪ ತೊಡಕಿದೆ. 2015ರ ತಿದ್ದುಪಡಿಯಲ್ಲಿ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾದರೆ ಹಣ ಅವರಿಗೇ ಸೇರುತ್ತದೆ ಎಂಬರ್ಥದ ಮಾತು ಬಂತು. ಆದರೂ ಬೇರೆ ವಾರಸುದಾರರು ಪಾಲು ಕೇಳಿದರೆ ಉತ್ತರಾಧಿಕಾರ ಕಾನೂನೇ ನಡೆಯುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಹೇಳಿದೆ. ಈ ಮನೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ. ಪಾಲಿಸಿ ಹಣ ಅಮ್ಮನಿಗೇ ಇರಲಿ ಅಂದರು ಮೂವರೂ.

ಸಂಘದ 3 ಲಕ್ಷಕ್ಕೆ ಒದ್ದಾಡಬೇಕಾಯಿತು. ನಾಮಿನಿ ಇಲ್ಲ, ಉತ್ತರಾಧಿಕಾರ ಪ್ರಮಾಣ ಪತ್ರ ತನ್ನಿ ಅಂದರು. ಅಂದರೆ ಸಿವಿಲ್ ಕೋರ್ಟಿನಲ್ಲಿ ಅರ್ಜಿ, ಪ್ರಕಟಣೆ, ಶುಲ್ಕ, ಕಾಯುವುದು. ತಕರಾರು ಇಲ್ಲದ ಮನೆಯಲ್ಲಿ ಇಷ್ಟು ಮೊತ್ತಕ್ಕೆ ಅದು ಬೇಕಾಗಿಲ್ಲ ಅಂತ ಬರೆದುಕೊಟ್ಟು, ನಾಲ್ವರೂ ಸಹಿ ಮಾಡಿದ ಅರ್ಜಿ ಮತ್ತು ನಷ್ಟಭರ್ತಿ ಬಾಂಡ್ ಕೊಟ್ಟೆವು. ಆಡಳಿತ ಮಂಡಳಿ ಒಪ್ಪಿತು. ಅರ್ಜಿ ಫಾರಂನಲ್ಲಿ ಒಂದೇ ಒಂದು ಸಾಲು ತುಂಬಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ನಾಮಿನಿ ಮಾಲೀಕನಲ್ಲ ನಿಜ, ಹಾಗಂತ ನಾಮಿನಿ ಹಾಕದೆ ಬಿಡಬೇಡಿ.

ವಿಲ್ ನಿಜವಾ, ಸುಳ್ಳಾ?

ವಿಲ್‌ನಲ್ಲಿ ಬರೆದದ್ದು ಮೂರು ಮಾತು. ಪಟ್ಟಣದ ಮನೆ ಹೆಂಡತಿಗೆ ಇರುವವರೆಗೆ, ಆಮೇಲೆ ಮಗಳಿಗೆ. ತೋಟ ಪೂರ್ತಿ ದೊಡ್ಡ ಮಗನಿಗೆ. ನಗದು ಹಣ ಮೂವರು ಮಕ್ಕಳಿಗೆ ಸಮನಾಗಿ.

ಮಗಳಿಗೆ ನಂಬಿಕೆ ಬರಲಿಲ್ಲ. ಅಪ್ಪನನ್ನು ಪತ್ರ ಬರಹಗಾರರ ಹತ್ತಿರ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದದ್ದು ಅಣ್ಣನೇ. ವಿಲ್ ಇಷ್ಟು ವರ್ಷ ಅವರ ಬೀರುವಿನಲ್ಲೇ ಇತ್ತು. ನೋಂದಣಿ ಆಗಿಲ್ಲ. ಜಾಸ್ತಿ ಪಾಲು ಸಿಕ್ಕಿದ್ದೂ ಅವರಿಗೇ.

ಆ ಅನುಮಾನದಲ್ಲಿ ತಪ್ಪೇನಿಲ್ಲ. ವಿಲ್‌ಗಳ ಬಗ್ಗೆ ಇಡೀ ದೇಶದ ಕೋರ್ಟುಗಳು ಇವತ್ತಿಗೂ ಉದಾಹರಿಸುವ ತೀರ್ಪು ಹೋದದ್ದು ನಮ್ಮ ಮೈಸೂರಿನಿಂದಲೇ: ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಜಮ್ಮ, 1958ರ ಸುಪ್ರೀಂ ಕೋರ್ಟ್ ತೀರ್ಪು. ವಿಲ್ ಬರೆಸುವುದರಲ್ಲಿ ಮುಂದೆ ನಿಂತವನಿಗೇ ಅದರಿಂದ ದೊಡ್ಡ ಲಾಭ ಆಗಿದ್ದರೆ ಅದು ಅನುಮಾನದ ಸಂಗತಿ. ಆ ಅನುಮಾನ ಹೋಗಲಾಡಿಸುವ ಹೊಣೆ ವಿಲ್ ಮುಂದಿಟ್ಟವನ ಮೇಲೆಯೇ ಇರುತ್ತದೆ. ಬರೀ ಸಹಿ ತೋರಿಸಿದರೆ ಸಾಲದು.

ನೋಂದಣಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಮಾತ್ರ ವಿಲ್ ಬೀಳೋದಿಲ್ಲ. ವಿಲ್‌ಗೆ ನೋಂದಣಿ ಕಡ್ಡಾಯವಲ್ಲ. ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು. ಬೇಕಾಗಿರೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಹೇಳಿದ್ದು: ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಕನಿಷ್ಠ ಇಬ್ಬರು ಸಾಕ್ಷಿಗಳು. ಬರೆದವರು ಸಹಿ ಹಾಕಿದ್ದನ್ನು ಸಾಕ್ಷಿಗಳು ನೋಡಿರಬೇಕು, ಇಲ್ಲವೇ ಇದು ನನ್ನ ಸಹಿ ಅಂತ ಅವರ ಬಾಯಿಂದ ಕೇಳಿರಬೇಕು. ಬರೆದವರ ಎದುರಿಗೇ ತಾವೂ ಸಹಿ ಹಾಕಿರಬೇಕು. ಕೋರ್ಟಿಗೆ ಹೋದರೆ, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು.

ಇಲ್ಲಿ ಸಾಕ್ಷಿ ಹಾಕಿದವರಲ್ಲಿ ಒಬ್ಬರು ಮೇಷ್ಟ್ರ ಜೊತೆ ಕೆಲಸ ಮಾಡಿದ್ದವರು, ಆಗಲೇ ತೀರಿಕೊಂಡಿದ್ದರು. ಇನ್ನೊಬ್ಬರು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ಮೇಷ್ಟ್ರ ಹಳೇ ಶಿಷ್ಯ. ಅಣ್ಣ ತಂಗಿ ಇಬ್ಬರನ್ನೂ ಕೂರಿಸಿಕೊಂಡು ಅವರನ್ನು ಕರೆಸಿದೆ.

ಅವರು ವಿಲ್‌ನ ಎರಡನೇ ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದರು. ತೋಟದ ಚಕ್ಕುಬಂದಿ ಬರೆದ ಜಾಗ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ ಅಂತ ಟೈಪ್ ಆಗಿತ್ತು. ಎರಡನ್ನೂ ಗೀಟು ಹೊಡೆದು, ಮೇಲೆ ಮಸಿ ಪೆನ್ನಿನಲ್ಲಿ ಅದಲುಬದಲು ಮಾಡಿ ಬರೆದಿತ್ತು. ಪಕ್ಕದಲ್ಲಿ ಎರಡು ಕಡೆಯೂ ಚಿಕ್ಕ ಸಹಿ. "ಓದ್ತಾ ಓದ್ತಾ ಇಲ್ಲಿಗೆ ಬಂದು ನಿಲ್ಸಿದ್ರು ಸರ್. ‘ಸೂರ್ಯ ಹುಟ್ಟೋ ಕಡೆ ದಾರಿ ಕಣಯ್ಯ, ಹಳ್ಳ ಅಲ್ಲ’ ಅಂತ ಬರಹಗಾರರಿಗೆ ಬೈದು, ನನ್ ಪೆನ್ನೇ ಇಸ್ಕೊಂಡು ತಿದ್ದಿದ್ರು. ಆಮೇಲೆ ಸಹಿ ಹಾಕಿದ್ರು. ದೊಡ್ಡಣ್ಣ ಹೊರಗಡೆ ಟೀ ಅಂಗಡೀಲಿದ್ದ."

ಮಗಳು ಆ ಅಕ್ಷರವನ್ನೇ ನೋಡುತ್ತಾ ಕುಳಿತರು. "ಇದು ಅಪ್ಪನ ಕೈಬರಹವೇ" ಅಂದರು. ಅಲ್ಲಿಗೆ ಸಹಿಯ ಬಗ್ಗೆ ಮಾತು ಮುಗಿಯಿತು. ಓದಿ, ತಿದ್ದಿ, ತಿದ್ದಿದ ಜಾಗಕ್ಕೂ ಸಹಿ ಹಾಕಿದವರಿಗೆ ತಾವು ಏನು ಬರೆಸುತ್ತಿದ್ದೇವೆ ಅಂತ ಗೊತ್ತಿತ್ತು. ಸಹಿಯಾದ ಮೇಲೆ ಮಾಡಿದ ತಿದ್ದುಪಡಿಯಾಗಿದ್ದರೆ ಕಥೆ ಬೇರೆ. ಅದಕ್ಕೆ ಮತ್ತೆ ಸಹಿ, ಸಾಕ್ಷಿ ಬೇಕು.

ವಿಲ್ ಒಪ್ಪಿದ ಮೇಲೆ ಪ್ರೊಬೇಟ್, ಅಂದರೆ ವಿಲ್ ಸರಿಯಿದೆ ಅಂತ ಕೋರ್ಟ್ ಕೊಡುವ ದೃಢೀಕರಣ, ಬೇಕಾ ಅಂತ ಚಿಕ್ಕ ಮಗ ಫೋನಿನಲ್ಲಿ ಕೇಳಿದರು. ಕರ್ನಾಟಕದ ಊರಲ್ಲಿ ಹಿಂದೂಗಳು ಬರೆದ, ಇಲ್ಲಿನ ಆಸ್ತಿಯ ವಿಲ್‌ಗೆ ಪ್ರೊಬೇಟ್ ಕಡ್ಡಾಯವಲ್ಲ. ಅದು ಹಿಂದಿನ ಕಲ್ಕತ್ತಾ, ಮದ್ರಾಸ್, ಬೊಂಬಾಯಿ ನಗರಗಳಿಗೆ ಅಂಟಿಕೊಂಡಿದ್ದ ನಿಯಮ.

ವಿಲ್ ನಿಜ, ಆದರೆ ತೋಟ ಪೂರ್ತಿ ಅವರದ್ದಾ?

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಗಂಟು ಇದೇ. ಪಹಣಿಯ 9ನೇ ಕಾಲಂನಲ್ಲಿ ಮೇಷ್ಟ್ರ ಹೆಸರು ಒಂದೇ ಇತ್ತು. ಅದನ್ನು ನೋಡಿ ಮೇಷ್ಟ್ರೂ ತೋಟ ತಮ್ಮೊಬ್ಬರದೇ ಅಂದುಕೊಂಡಿದ್ದರು, ಮಗನೂ ಹಾಗೇ ಅಂದುಕೊಂಡಿದ್ದರು. ನಾನು ನೋಡಿದ್ದು ಪಕ್ಕದ 10ನೇ ಕಾಲಂ. ಜಮೀನು ಹೇಗೆ ಬಂತು ಅನ್ನೋದು ಅಲ್ಲಿರುತ್ತದೆ, ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಸಮೇತ. ಆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಿದರೆ 1986ರ ವಿಭಾಗ ಪತ್ರ ಸಿಕ್ಕಿತು. ಮೇಷ್ಟ್ರು ಮತ್ತು ಅವರ ಅಣ್ಣತಮ್ಮಂದಿರು ಅಪ್ಪ ಅಜ್ಜನ ಜಮೀನು ಪಾಲು ಮಾಡಿಕೊಂಡ ಪತ್ರ.

ಅಂದರೆ ತೋಟ ಪಿತ್ರಾರ್ಜಿತ. ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ. ಮೇಷ್ಟ್ರು ವಿಲ್ ಬರೆಯಬಹುದಾಗಿದ್ದದ್ದು ತಮ್ಮ ಒಂದು ಪಾಲಿಗೆ ಮಾತ್ರ. ಮಕ್ಕಳ ಪಾಲನ್ನು ವಿಲ್ ಮುಟ್ಟೋದಿಲ್ಲ.

ಇಲ್ಲಿ ಊರಿನ ಹಿರಿಯರೊಬ್ಬರು ಅಡ್ಡ ಮಾತು ತಂದರು: "94ಕ್ಕೆ ಮುಂಚೆ ಮದುವೆ ಆದ ಹೆಣ್ಮಕ್ಳಿಗೆ ಪಾಲಿಲ್ಲ." ಮಗಳ ಮದುವೆ ಆದದ್ದು 1991ರಲ್ಲಿ. ಈ ಮಾತು ಇವತ್ತಿಗೂ ಹಳ್ಳಿ ಹಳ್ಳಿಯಲ್ಲಿ ಓಡಾಡುತ್ತಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದು ನಿಜ. ಆದರೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು. ಅದರಲ್ಲಿ ಮದುವೆಯಾದವರು, ಆಗದವರು ಅನ್ನುವ ಭೇದ ಇಲ್ಲ. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟ ಮಾಡಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಪಾಲುಗಳನ್ನು ಕೆದಕುವ ಹಾಗಿಲ್ಲ. 1986ರ ಪಾಲು ಅಷ್ಟರ ಮಟ್ಟಿಗೆ ಭದ್ರ. ಆದರೆ ಅದು ಮೇಷ್ಟ್ರು ಮತ್ತು ಅವರ ಸಹೋದರರ ನಡುವಿನ ಪಾಲು. ಮೇಷ್ಟ್ರು ಮತ್ತು ಅವರ ಮಕ್ಕಳ ನಡುವೆ ಪಾಲು ಆಗಿಯೇ ಇರಲಿಲ್ಲ.

ಇಷ್ಟರಲ್ಲಿ ದೊಡ್ಡ ಮಗ ವಿಲ್ ತೋರಿಸಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನಿನ ಖಾತೆ ಬದಲಿಸೋಕೆ, ಅರ್ಜಿ ಹಾಕಿಬಿಟ್ಟಿದ್ದರು. ನೋಟಿಸ್ ಬಂತು, ಮಗಳ ಕಡೆಯಿಂದ ತಕರಾರು ಹಾಕಿದೆವು, ಕಡತ ತಹಶೀಲ್ದಾರರ ಮುಂದೆ ಹೋಯಿತು. "ಪಹಣೀಲಿ ನನ್ನ ಹೆಸರು ಬಂದ್ರೆ ಮುಗೀತು" ಅನ್ನುವ ಧೈರ್ಯ ಅವರದು. ಪಹಣಿ, ಮ್ಯುಟೇಶನ್ ಎಲ್ಲ ಕಂದಾಯದ ಲೆಕ್ಕಕ್ಕೆ ಇರೋದು. ಅದರಿಂದ ಮಾಲೀಕತ್ವ ಹುಟ್ಟೋದಿಲ್ಲ, ಹೋಗೋದೂ ಇಲ್ಲ. ಸುಪ್ರೀಂ ಕೋರ್ಟ್ ಇದನ್ನು ಎಷ್ಟೋ ಸಲ ಹೇಳಿದೆ.

ದೊಡ್ಡ ಮಗನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಇಪ್ಪತ್ತೈದು ವರ್ಷ ಆ ತೋಟದಲ್ಲಿ ದುಡಿದವರು ಅವರು. ಎರಡು ಬೋರ್‌ವೆಲ್ ಒಣಗಿ, ಮೂರನೆಯದನ್ನು ಕೈಸಾಲ ಮಾಡಿ ಕೊರೆಸಿದ್ದರು. ನುಸಿ ರೋಗ ಬಂದು ಕಾಯಿ ಕೈಗೆ ಹತ್ತದ ವರ್ಷಗಳಲ್ಲೂ ಬಿಟ್ಟುಹೋಗಲಿಲ್ಲ. ತೋಟ ಅವರಿಗಿರಲಿ ಅಂತ ಅಪ್ಪ ಬರೆದದ್ದರಲ್ಲಿ ಅನ್ಯಾಯದ ಮನಸ್ಸಿಲ್ಲ. ತಮ್ಮದಲ್ಲದ ಪಾಲನ್ನೂ ಸೇರಿಸಿ ಬರೆದದ್ದಷ್ಟೇ ತಪ್ಪು. ಬರೆಯುವ ಮೊದಲು ಯಾರಾದರೂ 10ನೇ ಕಾಲಂ ನೋಡಿ ಹೇಳಿದ್ದರೆ ತಪ್ಪುತ್ತಿತ್ತು.

ಟ್ರಸ್ಟ್ ಮಾತು

ಚಿಕ್ಕ ಮಗ ಅಮೆರಿಕದಿಂದ ಒಂದು ಸಲಹೆ ಕೊಟ್ಟರು. ಅಲ್ಲಿ ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟಿಗೆ ಹಾಕಿಬಿಡುತ್ತಾರೆ, ಪ್ರೊಬೇಟ್ ಕೋರ್ಟಿನ ಗೋಜಲು ತಪ್ಪುತ್ತದೆ, ನಾವೂ ಎಲ್ಲ ಒಂದು ಟ್ರಸ್ಟ್ ಮಾಡೋಣ ಅಂದರು. ಇಲ್ಲೂ 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ಖಾಸಗಿ ಟ್ರಸ್ಟ್ ಮಾಡಬಹುದು. ಜಮೀನು, ಮನೆ ಸೇರಿದರೆ ನೋಂದಾಯಿಸಬೇಕು, ಬೇರೆ ಪ್ಯಾನ್, ಪ್ರತಿ ವರ್ಷ ಲೆಕ್ಕಪತ್ರ ಎಲ್ಲ ಬರುತ್ತದೆ. ಬೆಳೆದು ನಿಂತ ಮೂರು ಮಕ್ಕಳು, ಒಂದು ತೋಟ, ಒಂದು ಮನೆ ಇರುವಲ್ಲಿ ಅದು ಬೇಡದ ಭಾರ. ಸ್ವಂತವಾಗಿ ವ್ಯವಹಾರ ನೋಡಿಕೊಳ್ಳಲಾಗದ ಮಗುವೋ, ವಿಶೇಷ ಚೇತನ ಮಗುವೋ ಇದ್ದರೆ ಟ್ರಸ್ಟ್ ನಿಜಕ್ಕೂ ಬೇಕು. ಅಂಥ ಮನೆಗೆ ನಾನೇ ಮುಂದಾಗಿ ಹೇಳುತ್ತೇನೆ. ಈ ಮನೆಗೆ ಬೇಕಿದ್ದದ್ದು ಒಂದು ಸರಿಯಾದ ವಿಭಾಗ ಪತ್ರ.

ವಿಭಾಗ ಪತ್ರ

ಲೆಕ್ಕ ಹೀಗೆ ಮಾಡಿದೆವು. ತೋಟದಲ್ಲಿ ನಾಲ್ಕು ಪಾಲು: ಮೇಷ್ಟ್ರದ್ದೊಂದು, ಮಕ್ಕಳದ್ದು ಮೂರು. ಅಮ್ಮನಿಗೂ ಪಾಲು ಕೇಳುವ ದಾರಿಯಿತ್ತು. ಅವರು ಕೈಮುಗಿದು ಹೇಳಿಬಿಟ್ಟರು, "ನಂಗೆ ತೋಟ ಬೇಡಪ್ಪ, ಆ ಮನೆಯಿಂದ ಯಾರೂ ಎಬ್ಬಿಸದಿದ್ರೆ ಸಾಕು." ಆ ಮಾತನ್ನು ಸುಮ್ನೆ ಬಾಯಿಮಾತಾಗಿ ಬಿಡದೆ ಪತ್ರದಲ್ಲಿ ಬರೆದು, ಅವರನ್ನೂ ಕಕ್ಷಿದಾರರನ್ನಾಗಿ ಸೇರಿಸಿದೆ.

ಮೇಷ್ಟ್ರ ಪಾಲು ವಿಲ್ ಪ್ರಕಾರ ದೊಡ್ಡ ಮಗನಿಗೆ. ಚಿಕ್ಕ ಮಗ ತನ್ನ ಒಂದು ಎಕರೆಯನ್ನು ಅಣ್ಣನಿಗೆ ಬಿಟ್ಟುಕೊಟ್ಟರು. ಹಾಗಾಗಿ ದೊಡ್ಡ ಮಗನಿಗೆ ಮೂರು ಎಕರೆ, ಮಗಳಿಗೆ ಒಂದು ಎಕರೆ. ಅರಿಶಿನ ಕುಂಕುಮಕ್ಕೆ ಅಂತ ಹತ್ತು ಗುಂಟೆ ಕೊಡೋಣ ಅಂತ ನಡುವೆ ಒಂದು ಮಾತು ಬಂದಿತ್ತು. ಮಗಳು ಒಪ್ಪಲಿಲ್ಲ. ಕೊಡುಗೆ ಅಲ್ಲ, ಪಾಲು ಅಂತಲೇ ಬರೆಯಿರಿ ಅಂದರು. ಹಾಗೇ ಬರೆದೆವು.

ಒಂದೇ ಸರ್ವೆ ನಂಬರ್ ಒಡೆಯುವುದರಿಂದ 11ಇ ನಕ್ಷೆ (ಒಡೆದ ಭಾಗಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು. ಅದಿಲ್ಲದೆ ಉಪನೋಂದಣಿ ಕಚೇರಿಯಲ್ಲಿ ಪತ್ರ ಹಿಡಿಯೋದೇ ಇಲ್ಲ. ಸರ್ವೆಯರ್ ಬಂದು ಅಳೆದ ದಿನ ಹೊಸ ತೊಡಕು ಕಂಡಿತು: ಬೋರ್‌ವೆಲ್ ಪೂರ್ತಿ ಅಣ್ಣನ ಭಾಗದಲ್ಲಿ, ಬಂಡಿದಾರಿ ಪೂರ್ತಿ ತಂಗಿಯ ಭಾಗದಲ್ಲಿ. ನೀರಿಲ್ಲದ ಒಂದು ಎಕರೆ ತೆಂಗು ಯಾರಿಗೂ ಬೇಡ. ದಾರಿಯಿಲ್ಲದ ಮೂರು ಎಕರೆಯಿಂದ ಕಾಯಿ ಸಾಗಿಸೋದೂ ಕಷ್ಟ. ಅದಕ್ಕೇ ಪತ್ರದಲ್ಲಿ ಎರಡು ಪ್ಯಾರಾ ಸೇರಿಸಿದೆವು. ತಂಗಿಯ ತೋಟಕ್ಕೆ ವಾರದಲ್ಲಿ ಎರಡು ದಿನ ನೀರಿನ ಸರದಿ, ಮೋಟಾರ್ ರಿಪೇರಿ ಖರ್ಚಿನಲ್ಲಿ ನಾಲ್ಕನೇ ಒಂದು ಭಾಗ ಅವರದು. ಅಣ್ಣನಿಗೆ ಟ್ರ್ಯಾಕ್ಟರ್ ಓಡಾಡುವಷ್ಟು ಅಗಲದ ದಾರಿ, ನಕ್ಷೆಯಲ್ಲಿ ಗುರುತು ಮಾಡಿ. ಈ ಎರಡು ಪ್ಯಾರಾ ಬರೆಯೋಕೆ ಹಿಡಿದಷ್ಟು ಹೊತ್ತು ಪತ್ರದ ಉಳಿದ ಭಾಗಕ್ಕೆಲ್ಲ ಸೇರಿ ಹಿಡಿಯಲಿಲ್ಲ. ಮುಂದಿನ ತಲೆಮಾರಿನ ಜಗಳ ಶುರುವಾಗೋದು ಇಂಥ ಜಾಗದಲ್ಲೇ.

ಚಿಕ್ಕ ಮಗ ಬರೋಕೆ ಆಗಲಿಲ್ಲ. ತಮ್ಮ ಪರವಾಗಿ ಸಹಿ ಹಾಕುವ ಅಧಿಕಾರ ಕೊಡುವ ಪತ್ರ, ಅಂದರೆ ಜಿಪಿಎ, ಅಲ್ಲಿಂದಲೇ ಕಳಿಸಿದರು. ಹೊರದೇಶದಲ್ಲಿ ಬರೆದ ಜಿಪಿಎಗೆ ಅಲ್ಲಿನ ನೋಟರಿ ಅಥವಾ ಭಾರತದ ಕಾನ್ಸುಲೇಟ್ ದೃಢೀಕರಣ ಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕವರು ಬಂದ ದಿನವೇ ಅದರ ಮೇಲೆ ತಾರೀಕು ಬರೆದಿಟ್ಟುಕೊಂಡೆವು.

12 ಲಕ್ಷದಲ್ಲಿ ತಲಾ 4 ಲಕ್ಷ ತಂಗಿಗೂ ತಮ್ಮನಿಗೂ ಹೋಯಿತು, ತಮ್ಮನದ್ದು ಅನಿವಾಸಿ ಭಾರತೀಯರಿಗಿರುವ ಇಲ್ಲಿನ ಎನ್‌ಆರ್‌ಒ ಖಾತೆಗೆ. ಪತ್ರ ನೋಂದಣಿಯಾದ ಮೇಲೆ ಮಗಳು ತಕರಾರು ವಾಪಸ್ ಪಡೆದರು. ಪಹಣಿ ಎರಡಾಯಿತು.

ಮನೆಯ ವಿಷಯದಲ್ಲಿ ನನಗೆ ಕೊನೆಯವರೆಗೂ ಒಂದು ಚಿಂತೆ ಇತ್ತು. ಹೆಂಡತಿಗೆ ಇರುವವರೆಗೆ, ಆಮೇಲೆ ಮಗಳಿಗೆ ಅಂತ ವಿಲ್ ಹೇಳಿದೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಇದೆ. ಗಂಡನಿಂದ ಜೀವನಾಂಶ ಪಡೆಯುವ ಹಕ್ಕಿಗೆ ಬದಲಾಗಿ ಹೆಂಡತಿಗೆ ಆಸ್ತಿ ಬಂದಿದ್ದರೆ, ಇರುವವರೆಗೆ ಅನ್ನುವ ಮಿತಿ ಬಿದ್ದುಹೋಗಿ ಪೂರ್ತಿ ಆಸ್ತಿ ಆಕೆಯದೇ ಆಗುತ್ತದೆ ಎಂದು 1977ರ ವಿ. ತುಳಸಮ್ಮ ತೀರ್ಪು ಹೇಳುತ್ತದೆ. ಯಾವ ವಿಲ್‌ಗೆ ಅದು ಅನ್ವಯಿಸುತ್ತದೆ, ಯಾವುದಕ್ಕಿಲ್ಲ ಅನ್ನೋದರ ಮೇಲೆ ಇವತ್ತಿಗೂ ವಾದ ನಡೆಯುತ್ತಿದೆ. ಹಾಗಾದರೆ ಅಮ್ಮನ ನಂತರ ಮನೆ ಮೂವರಿಗೂ ಹಂಚಿಹೋಗುವ ಸಾಧ್ಯತೆ ಉಳಿಯುತ್ತದೆ.

ಅಮ್ಮನಿಗೆ ಇದನ್ನು ವಿವರಿಸಿದೆ. ಅವರೇ ಒಂದು ವಿಲ್ ಬರೆಸಿದರು: ಮನೆ ತಮ್ಮದೇ ಅಂತಾದರೆ ಮಗಳಿಗೆ, ಒಡವೆ ಸೊಸೆಯರು, ಮಗಳು ಮೂವರಿಗೆ ಹೆಸರು ಹೇಳಿ ಒಂದೊಂದು. ಸಾಕ್ಷಿಗೆ ತಮಗಿಂತ ಚಿಕ್ಕ ವಯಸ್ಸಿನ ಇಬ್ಬರನ್ನು ಅವರೇ ಆರಿಸಿದರು. ಮಕ್ಕಳ್ಯಾರೂ ಆ ದಿನ ಜೊತೆಗೆ ಬರಲಿಲ್ಲ. ಉಪನೋಂದಣಿ ಕಚೇರಿಯಲ್ಲಿ ನೋಂದಣಿಯೂ ಆಯಿತು. ಕಡ್ಡಾಯವಲ್ಲ ಅಂದರೂ ನಾನು ನೋಂದಣಿ ಮಾಡಿಸಿ ಅಂತಲೇ ಹೇಳುತ್ತೇನೆ. ಮೂಲ ಕಳೆದರೂ ಕಚೇರಿಯಲ್ಲಿ ಪ್ರತಿ ಇರುತ್ತದೆ.

ಇನ್ನೂ ಮುಗಿಯದ್ದು ಒಂದಿದೆ. ಬೀರುವಿನ ತಳದಲ್ಲಿ, ಹಾಸಿದ್ದ ಹಳೇ ಪೇಪರಿನ ಕೆಳಗೆ ಎರಡು ಕಂಪನಿಗಳ ಕಾಗದದ ಷೇರು ಪತ್ರ ಸಿಕ್ಕವು. ಏಳು ವರ್ಷ ಸತತ ಡಿವಿಡೆಂಡ್ ಯಾರೂ ತೆಗೆದುಕೊಳ್ಳದಿದ್ದರೆ ಷೇರುಗಳು ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗಿಬಿಡುತ್ತವೆ. ಒಂದು ಕಂಪನಿಯದು ಹೋಗಿದೆ, ಇನ್ನೊಂದರದ್ದು ಹೋಗಿಲ್ಲ. ಎರಡಕ್ಕೂ ಅರ್ಜಿ ಹಾಕಿದ್ದೇವೆ. ಮಗಳ ಹೆಸರಿನಲ್ಲಿ ಡಿಮ್ಯಾಟ್ ಖಾತೆ ತೆರೆದಿದೆ. ಬಂದದ್ದನ್ನು ಮೂರು ಭಾಗ ಮಾಡಬೇಕು ಅಂತ ಮೂವರೂ ಮೊದಲೇ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ.